ಹಿಟ್ಟಿಲ್ಲದ ಸಾರು

"ಒಂದು ಚಮಚ ಹಿಟ್ಟಿಗೆ ಏನು ಮಹಾ ಆಗಿಬಿಡುತ್ತೆ?"

ಪೆರ್ಸಿದಾ ಗಟ್ಟಿಯಾಗಿಯೇ ಕೇಳಿದಳು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ರಾತ್ರಿಯೆಲ್ಲ ನೆನೆದು ಉಬ್ಬಿದ ಬಿಳಿ ಬೀನ್ಸ್ ಕಾಳು ಬೋಗುಣಿಯಲ್ಲಿ ಸುಮ್ಮನೆ ಕೂತಿತ್ತು. ಕಿಟಕಿಯಾಚೆ ರುಮೆನಾಳ ಅಂಗಳದಿಂದ ಮೆಣಸಿನಕಾಯಿ ಸುಡುವ ವಾಸನೆ ಬರುತ್ತಿತ್ತು. ಶುಕ್ರವಾರ, ಒಪ್ಪತ್ತಿನ ದಿನ. ಕೇಳಿದ ಪ್ರಶ್ನೆ ಅವಳಿಗೇನೂ ಹೊಸದಲ್ಲ. ಐದು ವರ್ಷದ ಹಿಂದೆ ನಿಶ್ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಎಳೆಯ ವಯಸ್ಸಿನ ಡಾಕ್ಟರಮ್ಮ ಪೆರ್ಸಿದಾಳ ಮಗಳು ಸೆಂಕಾಳ ಕರುಳಿನ ಚಿತ್ರ ಮುಂದಿಟ್ಟುಕೊಂಡು, ಗೋಧಿಯೊಳಗೆ ಗ್ಲುಟೆನ್ ಎನ್ನುವ ಅಂಟು ಇರುತ್ತದೆ, ಇವಳ ಮಟ್ಟಿಗೆ ಅದು ವಿಷ, ಚಿಕ್ಕಂದಿನಿಂದಲೂ ವಿಷವೇ ಆಗಿತ್ತು ಎಂದಾಗಲೂ ಪೆರ್ಸಿದಾ ಇದನ್ನೇ ಕೇಳಿದ್ದಳು. ಡಾಕ್ಟರಮ್ಮ ಅವಳ ಮುಖ ನೋಡಿದ್ದಳು. ಆ ನೋಟದಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾಗದದಲ್ಲಿ ಏನೋ ಗೀಚುತ್ತ, "ಚಿಕ್ಕವಳಿದ್ದಾಗ ಊಟ ಬೇಡ ಅಂತಿದ್ದಳಾ?" ಅಂತ ಕೇಳಿದ್ದಳು. "ಹಠಮಾರಿ ಮಗು," ಅಂದಿದ್ದಳು ಪೆರ್ಸಿದಾ. ಪಕ್ಕದಲ್ಲಿ ಕೂತಿದ್ದ ಮೂವತ್ತೊಂದು ವರ್ಷದ ಸೆಂಕಾ ನಕ್ಕಿದ್ದಳು, ಬಾಯಿ ತೆರೆಯದೆ.

ನೀರು ಬಸಿದು ಕಾಳನ್ನು ಹೊಸ ಪಾತ್ರೆಗೆ ಸುರಿದಳು. ಬೆರಳ ತುದಿಗೆ ಅದು ಕಾಳು ಅಂತ ಗೊತ್ತಾಗಲಿಲ್ಲ. ಹೋದ ಚಳಿಗಾಲದಿಂದ ಬಲಗೈಯ ಮೂರು ಬೆರಳು ಜೋಮು ಹಿಡಿದಂತೆಯೇ ಇವೆ. ಕತ್ತಿನ ನರ ಅಂದರು, ವಯಸ್ಸು ಅಂದರು, ಒಂದು ಮುಲಾಮು ಬರೆದುಕೊಟ್ಟರು. ಉಪ್ಪೋ ಸಕ್ಕರೆಯೋ ಮುಟ್ಟಿದರೆ ತಿಳಿಯದು, ಕಣ್ಣಿನಿಂದ ನೋಡಬೇಕು. ಅದಕ್ಕೇ ನಿನ್ನೆ ಸಂಜೆ ಕಾಳನ್ನು ತಟ್ಟೆಯಲ್ಲಿ ಹರಡಿಕೊಂಡು, ಕನ್ನಡಕ ಏರಿಸಿ, ಒಂದೊಂದಾಗಿ ಮೂರು ಸಲ ಆರಿಸಿದ್ದಳು. 'ಗೋಧಿ ಬಾರ್ಲಿ ಕಾಳು ಸೇರಿಕೊಂಡಿರುತ್ತೆ, ನೋಡು' ಅಂತ ಸೆಂಕಾ ಬರೆದು ಕಳಿಸಿದ್ದಳು. ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ ಆ ಕಾಗದದಲ್ಲಿ ಅಕ್ಷರಗಳೆಲ್ಲ ದಪ್ಪ ದಪ್ಪ, ಒಂದನೇ ಇಯತ್ತೆಯ ಮಕ್ಕಳಿಗೆ ಬರೆದ ಹಾಗೆ. ಹೊಸ ಪಾತ್ರೆ. ಹೊಸ ಸೌಟು, ಮರದ್ದು ಬೇಡ. ಅಜ್ಜಿಯ ಮಣ್ಣಿನ ಮಡಕೆ ಬೇಡವೇ ಬೇಡ, ಹಳೆಯ ಹಿಟ್ಟು ಹೀರಿಕೊಂಡಿರುತ್ತೆ. ಎಣ್ಣೆಯಲ್ಲಿ ಹಿಟ್ಟು ಹುರಿದು ಹಾಕುವ ಒಗ್ಗರಣೆ ಇಲ್ಲ. ಸಾರು ಗಟ್ಟಿಯಾಗಬೇಕಿದ್ದರೆ ಬೆಂದ ಕಾಳನ್ನೇ ಕಿವುಚಿ ಹಾಕು. ಕೊನೆಯಲ್ಲಿ, ಸ್ವಲ್ಪ ಸಣ್ಣ ಅಕ್ಷರದಲ್ಲಿ: 'ಇಷ್ಟು ಮಾಡಿದರೆ ನಾನು ಉಣ್ತೀನಿ.' ನಲವತ್ತು ವರ್ಷ ಈ ಬೀದಿಯ ಮದುವೆ ಸಾವುಗಳಿಗೆಲ್ಲ ಕಾಳಿನ ಸಾರು ಕಾಯಿಸಿದವಳು ಆ ಕಾಗದವನ್ನು ವಾರದಿಂದ ದಿನಕ್ಕೆರಡು ಸಲ ಓದಿಕೊಂಡಿದ್ದಳು. ಅವಮಾನ ಆಗಬೇಕಿತ್ತು. ಆಗಲಿಲ್ಲ. ಅಂಗಡಿಯಲ್ಲಿ ಮಾತ್ರ ಸ್ವಲ್ಪ ಆಯಿತು. ಖಾರವಿಲ್ಲದ ಕೆಂಪು ಮೆಣಸಿನಪುಡಿಯ ಪೊಟ್ಟಣದ ಹಿಂದೆ ಏನು ಬರೆದಿದೆ ಓದಮ್ಮ ಅಂತ ಗಲ್ಲಾದ ಹುಡುಗಿಯನ್ನು ಕೇಳಿದಾಗ, ಸರದಿಯಲ್ಲಿ ಹಿಂದಿದ್ದ ಗಂಡಸು, "ಏನಜ್ಜಿ, ಮನೆಗೆ ಮಹಾರಾಣಿ ಊಟಕ್ಕೆ ಬರ್ತಾಳಾ?" ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕು, ಬೀದಿಗೆ ಬಂದ ಮೇಲೆ, ತಾನು ಯಾರನ್ನು ನೋಡಿ ನಕ್ಕೆ ಅಂತ ಯೋಚಿಸಿದಳು.

ಮೊದಲನೇ ನೀರು ಕುದಿದು ನೊರೆ ಬಂತು. ಅದನ್ನು ಚೆಲ್ಲಿ ಎರಡನೇ ನೀರು ಹಾಕಿದಳು. ಮೊದಲ ನೀರನ್ನು ಇಟ್ಟುಕೊಂಡರೆ ಹೊಟ್ಟೆ ಉಬ್ಬರಿಸುತ್ತದೆ ಅಂತ ಅವಳ ತಾಯಿ ಹೇಳುತ್ತಿದ್ದಳು. ಸೆಂಕಾಳ ಹೊಟ್ಟೆ ಯಾವ ನೀರು ಚೆಲ್ಲಿದರೂ ಉಬ್ಬರಿಸುತ್ತಿತ್ತು. ಕಡ್ಡಿಯಂಥ ಕೈಕಾಲು, ನಡುವೆ ಗುಡಾಣದ ಹಾಗೆ ಹೊಟ್ಟೆ. ಶಾಲೆಯ ಸಾಲಿನಲ್ಲಿ ಎಂಟು ವರ್ಷವೂ ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಿದ್ದರು, ಅಷ್ಟು ಕುಳ್ಳಿ. ಗುಬ್ಬಚ್ಚಿ ಅಂತ ಕರೆಯುತ್ತಿದ್ದರು. ಗುಬ್ಬಚ್ಚಿಯನ್ನು ದಪ್ಪ ಮಾಡುವುದು ಹೇಗೆ ಅಂತ ಬೀದಿಗೆ ಬೀದಿಯೇ ಪೆರ್ಸಿದಾಳಿಗೆ ಹೇಳಿಕೊಟ್ಟಿತ್ತು: ರೊಟ್ಟಿ ತಿನ್ನಿಸು, ಸಾರಿಗೆ ಇನ್ನೊಂದು ಚಮಚ ಹಿಟ್ಟು ಹಾಕು. ತಿನ್ನಿಸಿದಳು. ಪೆರ್ಸಿದಾಳ ತಾತ ಹಳೆಯ ವೀರರ ಕಥೆಯನ್ನು ಹತ್ತು ಹತ್ತು ಅಕ್ಷರದ ಸಾಲುಗಳಲ್ಲಿ ಹೇಳುತ್ತಿದ್ದ. ಕುರಿ ಕಾಯುತ್ತ, ಉಣ್ಣೆ ಹಿಂಜುತ್ತ, ಸಾಯುವ ಹಿಂದಿನ ದಿನವೂ ಹೇಳುತ್ತಿದ್ದ. ಅವನ ಮಗ್ಗುಲಲ್ಲಿ ಕೂತು ಕಿವಿಯಿಂದ ಕಲಿತ ಸಾವಿರಾರು ಸಾಲು ಪೆರ್ಸಿದಾಳ ಬಾಯಲ್ಲಿ ಇದ್ದವು. ಅವನ್ನು ಹೇಳುತ್ತ ತಿನ್ನಿಸಿದಳು. ಒಂದು ಸಾಲಿಗೆ ಒಂದು ತುತ್ತು. ಕುದುರೆ ಮೈದಾನಕ್ಕೆ ಇಳಿಯಿತು, ನುಂಗು. ತಾಯಿ ಗೋಪುರ ಹತ್ತಿ ದಾರಿ ನೋಡಿದಳು, ನುಂಗು. ಮಗು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗುತ್ತಿತ್ತು. ವೀರನ ಸಾವಿಗೆ ಅಳುತ್ತಿದೆ ಅಂತ ಪೆರ್ಸಿದಾ ತಿಳಿದಿದ್ದಳು, ಎಷ್ಟು ಮೃದು ಮನಸ್ಸು ಅಂತ ಗಂಡ ಗ್ಲಿಗೋರಿಯೆಯ ಹತ್ತಿರ ಹೇಳಿಕೊಂಡೂ ಇದ್ದಳು. "ಬಿಡೆ, ಅದಕ್ಕೆ ಸೇರೋದಿಲ್ಲ," ಅನ್ನುತ್ತಿದ್ದ ಅವನು, ಪತ್ರಿಕೆಯಿಂದ ತಲೆ ಎತ್ತದೆ. ಅಷ್ಟೇ ಅನ್ನುತ್ತಿದ್ದ. ಆಸ್ಪತ್ರೆಯಿಂದ ಬಂದ ವಾರ ಸೆಂಕಾ ಫೋನಿನಲ್ಲಿ ಯಾವುದೋ ಮಾತಿಗೆ, "ತಾತನ ಪದ್ಯ ಕಿವಿಗೆ ಬಿದ್ರೆ ನಂಗೆ ಈಗಲೂ ಹೊಟ್ಟೆ ತೊಳಸುತ್ತಮ್ಮ," ಅಂದಿದ್ದಳು. ಸಿಟ್ಟಿನಿಂದ ಅಂದದ್ದಲ್ಲ, ಮಳೆ ಬರುತ್ತಿದೆ ಎನ್ನುವ ಹಾಗೆ. ಆಮೇಲೆ ಪೆರ್ಸಿದಾ ಒಬ್ಬಳೇ ಇದ್ದಾಗಲೂ ಆ ಸಾಲುಗಳನ್ನು ಹೇಳಿಲ್ಲ. ಅವು ಒಳಗೆ ಇವೆಯೋ ಹೋದವೋ ಗೊತ್ತಿಲ್ಲ. ಚರ್ಚಿನ ಪ್ರಾರ್ಥನೆಗಳು ಮಾತ್ರ ಉಳಿದವು.

"ಪೆರ್ಸಿದಾ! ಇದ್ದೀಯೇನೇ?" ರುಮೆನಾ ಹಿತ್ತಲ ಬಾಗಿಲಿನಿಂದ ಬಂದಳು, ಕೈಯೆಲ್ಲ ಮೆಣಸಿನಕಾಯಿ ಮಸಿ. ಪಕ್ಕದ ಮನೆಯವಳು, ನಲವತ್ತು ವರ್ಷದಿಂದ ಪಕ್ಕದವಳೇ. "ಮುದ್ರೆ ಕೊಡು, ಹಿಟ್ಟು ಕೊಡು. ಭಾನುವಾರ ಬಲಿಪೂಜೆಗೆ ರೊಟ್ಟಿ ನಾನು ಸುಡಬೇಕಂತೆ, ಪಾದ್ರಿಗಳು ನಿನ್ನೆ ಬಂದು ಹೇಳಿದ್ರು. ಹನ್ನೆರಡು ವರ್ಷ ನಿನ್ನ ಕೈಲಿ ಮಾಡಿಸಿಕೊಂಡ ದೇವರಿಗೆ ಈ ವಾರ ನನ್ನ ಕೈ ರೊಟ್ಟಿ. ಪಾಪ, ಅವನ ಹಲ್ಲು ಗಟ್ಟಿ ಇರಲಿ."

"ಚೆನ್ನಾಗಿ ನಾದು. ಬಾಯಿ ಮುಚ್ಚಿಕೊಂಡು ನಾದು."

"ಬಾಯಿ ಮುಚ್ಚೋದಾ? ಅದು ನಂಗೆ ಉಪವಾಸಕ್ಕಿಂತ ಕಷ್ಟ ಕಣೆ." ರುಮೆನಾ ಪಾತ್ರೆಯೊಳಗೆ ಇಣುಕಿದಳು. "ಇದೇನು, ಸೆಂಕಾಗಾ? ಹಿಟ್ಟಿಲ್ಲದ ಸಾರು! ಕನ್ನಡಕ ಇಲ್ಲದ ಮೇಷ್ಟ್ರ ಥರ ಕಾಣುತ್ತೆ."

ಪೆರ್ಸಿದಾ ಕಲ್ಲುಪ್ಪು ಹಾಕಿದಳು. ಉಗ್ರಾಣದಿಂದ ದೇವರ ರೊಟ್ಟಿಯ ಮೇಲೆ ಶಿಲುಬೆ ಒತ್ತುವ ಮರದ ಮುದ್ರೆಯನ್ನೂ ಹಿಟ್ಟಿನ ತಗಡಿನ ಡಬ್ಬವನ್ನೂ ತಂದಳು. ಮನೆಯಲ್ಲಿದ್ದ ಬೇರೆ ಹಿಟ್ಟನ್ನೆಲ್ಲ ಕೋಳಿಗೆ ಹಾಕಿ, ಅಲಮಾರು ತೊಳೆದು, ಪರದೆ ಒಗೆದು ಒಂದು ವಾರವಾಗಿತ್ತು. ಇದೊಂದನ್ನು ಚೆಲ್ಲಲಾಗಿರಲಿಲ್ಲ, ದೇವರ ರೊಟ್ಟಿಯ ಹಿಟ್ಟು, ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟದ್ದು. ರುಮೆನಾ ಗಂಟು ಬಿಚ್ಚಿ ಮುಚ್ಚಳ ತೆಗೆದು, ಹುಳು ಬಿದ್ದಿದೆಯೇನೋ ಅಂತ ಮೂಸಿದಳು. ಅಷ್ಟರಲ್ಲಿ ಆಚೆಯಿಂದ ಯಾರೋ ಮೆಣಸಿನಕಾಯಿ ಸೀಯುತ್ತಿದೆ ಅಂತ ಕೂಗಿದರು. "ಅಯ್ಯೋ ನನ್ನ ಕರ್ಮವೇ! ಮುದ್ರೆ ತಗೊಂಡು ಹೋಗ್ತೀನಿ, ಡಬ್ಬ ಆಮೇಲೆ," ಅಂತ ಓಡಿದಳು. ಡಬ್ಬ ಅಲ್ಲೇ, ಒಲೆಯ ಪಕ್ಕದ ಕಟ್ಟೆಯ ಮೇಲೆ ಉಳಿಯಿತು. ಎತ್ತಿ ಒಳಗಿಡಬೇಕು ಅಂದುಕೊಂಡಳು ಪೆರ್ಸಿದಾ. ಅಂದುಕೊಂಡದ್ದನ್ನು ಮಾಡಿದ ಹಾಗೆಯೇ ಅನ್ನಿಸಿತು.

ಕಾಳು ಬೇಯಲು ಹೊತ್ತಿತ್ತು. ಕ್ಯಾರೆಟ್, ಈರುಳ್ಳಿ, ಸೆಲರಿಯ ಗಡ್ಡೆ ಹೆಚ್ಚಿ ಹಾಕಿ ಕುರ್ಚಿಯಲ್ಲಿ ಕೂತಳು. ಗ್ಲಿಗೋರಿಯೆಯ ಕುರ್ಚಿ. ಅವನು ಸತ್ತು ನಲವತ್ತನೇ ದಿನ ಸಮಾಧಿಯ ಹತ್ತಿರ ಗಾಳಿ ಬೀಸುತ್ತಿತ್ತು, ಮೇಣದಬತ್ತಿ ನಿಲ್ಲುತ್ತಿರಲಿಲ್ಲ. ಸತ್ತವರ ಹೆಸರಿನಲ್ಲಿ ಬೇಯಿಸಿದ ಗೋಧಿ, ಸಕ್ಕರೆ, ಅಕ್ರೋಟು ಸೇರಿಸಿದ ತಟ್ಟೆಯನ್ನು ಎಲ್ಲರ ಮುಂದೆ ಹಿಡಿದುಕೊಂಡು ಹೋಗುತ್ತಿದ್ದವಳು ಇವಳೇ. ಒಬ್ಬೊಬ್ಬರೂ ಒಂದು ಚಮಚ ತೆಗೆದುಕೊಂಡು, ದೇವರು ಅವನ ಆತ್ಮವನ್ನು ಕ್ಷಮಿಸಲಿ ಅನ್ನುತ್ತಿದ್ದರು. ಸೆಂಕಾ ಹಿಂದೆ, ಬೇಲಿಯ ಹತ್ತಿರ ನಿಂತಿದ್ದಳು. ನಾದಿನಿಯರು ನೋಡಿದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು. ಆಗ ಪೆರ್ಸಿದಾಳ ಕಾಲು ತಾನಾಗಿ ನಡೆಯಿತು, ಮಗಳ ಎದುರು ನಿಂತು ತಟ್ಟೆ ಚಾಚಿದಳು. ಮಗಳು ತಲೆ ಅಲ್ಲಾಡಿಸಿದಳು. "ನಿಮ್ಮಪ್ಪನ ಹೆಸರಿನ ಒಂದು ಚಮಚ ಗೋಧಿನೂ ನಿಂಗೆ ಅಸಹ್ಯನಾ?" ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿ ಅಂದಳು. ಗೊತ್ತಿತ್ತು. ಆಸ್ಪತ್ರೆಯಿಂದ ಬಂದು ವರ್ಷ ಆಗಿತ್ತು, ಗೊತ್ತಿಲ್ಲದೆ ಅಲ್ಲ. ಸೆಂಕಾ ಅವಳನ್ನೇ ನೋಡುತ್ತ ಚಮಚ ತೆಗೆದುಕೊಂಡಳು, ತುಂಬ ತೆಗೆದುಕೊಂಡಳು, ನಿಧಾನವಾಗಿ ಅಗಿದಳು, ಅಗಿದು ನುಂಗಿದ ಮೇಲೆ ಬಾಯಿ ತೆರೆದು ತೋರಿಸಿದಳು, ಚಿಕ್ಕಂದಿನಲ್ಲಿ ತೋರಿಸುತ್ತಿದ್ದ ಹಾಗೆ. ಆಮೇಲೆ ಮೂರು ದಿನ ಹಿಂದಿನ ಕೋಣೆಯಲ್ಲಿ ಬಕೀಟಿನ ಪಕ್ಕ ಮಲಗಿದ್ದಳು. ಮುಚ್ಚಿದ ಬಾಗಿಲಿನ ಈಚೆ ನಿಂತು, "ಎಲ್ಲ ಮನಸ್ಸಿನದು," ಅಂತಲೂ ಅಂದಿದ್ದಳು ಪೆರ್ಸಿದಾ. ಅದನ್ನು ಯಾಕೆ ಅಂದೆ ಎಂದು ನಾಲ್ಕು ವರ್ಷದಿಂದ ಹುಡುಕುತ್ತಿದ್ದಾಳೆ. ಪಾದ್ರಿಗಳ ಮುಂದೆ ಪಾಪನಿವೇದನೆಯಲ್ಲಿ, ಶುಕ್ರವಾರ ಚೀಸ್ ತಿಂದೆ, ರುಮೆನಾಳ ಮೇಲೆ ಹೊಟ್ಟೆಕಿಚ್ಚುಪಟ್ಟೆ ಅಂತೆಲ್ಲ ಹೇಳಿದ್ದಾಳೆ, ಇದನ್ನು ಹೇಳಿಲ್ಲ. ಅದಾದಮೇಲೂ ಸೆಂಕಾ ನಿಶ್‌ನಿಂದ ಬರುತ್ತಾಳೆ, ವರ್ಷಕ್ಕೆರಡು ಸಲ. ಚೀಲದಲ್ಲಿ ತನ್ನದೇ ಡಬ್ಬಿ, ತನ್ನದೇ ಚಮಚ. ಅಮ್ಮನ ಮೇಜಿನಲ್ಲಿ ಕೂತು, ಡಬ್ಬಿಯ ಕೆಳಗೆ ಒಂದು ಕಾಗದ ಹಾಸಿಕೊಂಡು, ಮಾತಾಡುತ್ತ ಉಣ್ಣುತ್ತಾಳೆ. ನೀರನ್ನು ಕೂಡ ಬಾಟಲಿಯಿಂದ ಕುಡಿಯುತ್ತಾಳೆ. ಪ್ರತಿ ಸಲವೂ ಬಸ್ಸು ಹತ್ತುವಾಗ ಕೆನ್ನೆಗೆ ಮುತ್ತಿಡುತ್ತಾಳೆ. ಹೋದ ವಾರ ಫೋನಿನಲ್ಲಿ, "ಅಮ್ಮ, ಈ ಸಲ ನಿನ್ನ ಕೈ ಸಾರು ಉಣ್ಣೋಣ ಅಂತ. ಡಾಕ್ಟ್ರು ಹೇಳಿದ್ರು, ಸರಿಯಾಗಿ ಮಾಡಿದ್ರೆ ಕಾಳಿನ ಸಾರಿನಷ್ಟು ಒಳ್ಳೇದು ಯಾವುದೂ ಇಲ್ಲ ಅಂತ. ಮಾಡ್ತೀಯಾ?" ಅಂದಳು. ಮಾಡ್ತೀಯಾ ಅಂತ ಕೇಳಿದಳು. ಪೆರ್ಸಿದಾ ಫೋನು ಇಟ್ಟ ಮೇಲೂ ಅಲ್ಲೇ ನಿಂತಿದ್ದಳು. ಅಳು ಬರುತ್ತದೇನೋ ಅಂತ ಸ್ವಲ್ಪ ಹೊತ್ತು ಕಾದಳು.

ಕಾಳು ಬೆಂದಿತು. ಮೂರು ಸೌಟು ತೆಗೆದು ಕಿವುಚಿ ಮತ್ತೆ ಪಾತ್ರೆಗೇ ಹಾಕಿದಳು. ಒಣ ಪುದೀನ ಉಜ್ಜಿ ಹಾಕಿದಳು. ಇನ್ನು ಒಗ್ಗರಣೆ, ಬರೀ ಎಣ್ಣೆ, ಈರುಳ್ಳಿ, ಕೆಂಪುಪುಡಿ. ಹೊಸ ಬಾಣಲೆ ಒಲೆಯ ಮೇಲಿಟ್ಟು ಎಣ್ಣೆ ಹೊಯ್ದಳು. ಈ ಬೀದಿಯ ಹೆಂಗಸರಿಗೆ ಗಡಿಯಾರ ನೋಡಿ ಒಗ್ಗರಣೆ ಮಾಡಿ ಗೊತ್ತಿಲ್ಲ. ಎಣ್ಣೆ ಕಾದು ಹಿಟ್ಟು ಬಿದ್ದೊಡನೆ ಪರಲೋಕದ ತಂದೆಯ ಪ್ರಾರ್ಥನೆ ಶುರು ಮಾಡಬೇಕು, ಸಾವಕಾಶವಾಗಿ ಎರಡು ಸಲ. ಎರಡನೇ ಸಲ ರೊಟ್ಟಿಯನ್ನು ಬೇಡುವ ಸಾಲು ಬಂದಾಗ ಹಿಟ್ಟು ಹೊಂಬಣ್ಣಕ್ಕೆ ತಿರುಗಿರುತ್ತದೆ, ಆಗ ಕೆಂಪುಪುಡಿ. ಆಮೆನ್ ಅನ್ನುವಷ್ಟರಲ್ಲಿ ಬಾಣಲೆ ಪಾತ್ರೆಗೆ ಬೋರಲಾಗಬೇಕು, ತಡವಾದರೆ ಪುಡಿ ಕಹಿ. ತಾಯಿ ಹೀಗೆ ಕಲಿಸಿದ್ದಳು, ತಾಯಿಗೆ ಅವಳ ತಾಯಿ. ಇವತ್ತು ಒಲೆಯ ಮುಂದೆ ಪ್ರಾರ್ಥನೆ ಬೇಡ ಅಂತ ಪೆರ್ಸಿದಾ ಬೆಳಿಗ್ಗೆಯೇ ನಿರ್ಧರಿಸಿದ್ದಳು. ಈರುಳ್ಳಿ ಹಾಕಿದಳು. ಅದು ಮೆತ್ತಗಾಗುವುದನ್ನು ನೋಡುತ್ತಿದ್ದಳು. ಬಸ್ಸು ಈಗ ಕಣಿವೆಯ ತಿರುವಿನಲ್ಲಿ ಇರಬಹುದು, ಸೆಂಕಾ ಕಿಟಕಿಯ ಪಕ್ಕವೇ ಕೂರುತ್ತಾಳೆ, ಇಲ್ಲದಿದ್ದರೆ ವಾಂತಿ. ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡದ್ದಕ್ಕೆ ತೊಡೆ ಚಿವುಟಿದ್ದು, ಕೆಂಪಗೆ ಎರಡು ಉಗುರಿನ ಗುರುತು, ಗ್ಲಿಗೋರಿಯೆ ತನ್ನ ಕರ್ಚೀಫು ಕೊಟ್ಟದ್ದು, ಆ ಕರ್ಚೀಫಿನ ನೀಲಿ ಅಂಚು. ನಮ್ಮ ಪಾಪಗಳನ್ನು, ಅಂತ ತನ್ನ ತುಟಿ ಅಲ್ಲಾಡುತ್ತಿರುವುದು ಅವಳಿಗೆ ಆಗ ತಿಳಿಯಿತು. ಎರಡನೇ ಸಲವೋ ಮೊದಲನೇ ಸಲವೋ ತಿಳಿಯಲಿಲ್ಲ. ಕೈ ಕೆಂಪುಪುಡಿಯ ಪೊಟ್ಟಣವನ್ನು ಆಗಲೇ ಕೆಳಗಿಟ್ಟಿತ್ತು. ಆಮೆನ್. ಬಾಣಲೆ ಪಾತ್ರೆಗೆ ಬೋರಲಾಯಿತು, ಸಾರು ಚೊಯ್ಯೆಂದಿತು, ಹೊಗೆಯ ಜೊತೆಗೆ ಎದ್ದದ್ದು ತಾಯಿಯ ಅಡುಗೆಮನೆಯ ವಾಸನೆ.

ಬಾಣಲೆ ಕೆಳಗಿಟ್ಟು ಕೈ ನೋಡಿಕೊಂಡಳು. ಹೆಬ್ಬೆರಳಿನ ಪಕ್ಕದಲ್ಲಿ ಬಿಳಿಯ ಒಂದು ಗೆರೆ. ಉಪ್ಪಿರಬಹುದು. ನೆಕ್ಕಿದಳು. ಏನೂ ಅಲ್ಲ, ಉಪ್ಪಲ್ಲ. ಡಬ್ಬವನ್ನು ನೋಡಿದಳು. ಬಟ್ಟೆ ಬಿಚ್ಚಿತ್ತು, ಮುಚ್ಚಳ ಓರೆಯಾಗಿ ಕೂತಿತ್ತು, ಒಳಗೆ ಹಿಟ್ಟಿನಲ್ಲಿ ಚಮಚ ನಿಂತಿತ್ತು. ಆ ಚಮಚ ಯಾವಾಗಲೂ ಅಲ್ಲೇ ಇರುತ್ತದೆ. ಮುಚ್ಚಳವನ್ನು ರುಮೆನಾ ಹೀಗೆ ಬಿಟ್ಟಳೋ, ತಾನು ತೆಗೆದೆನೋ? ಡಬ್ಬ ತಂದಾಗಲೇ ಬೆರಳಿಗೆ ಹಿಟ್ಟು ಹತ್ತಿತೋ, ಈಗ ಹತ್ತಿತೋ? ಮೂರು ಬೆರಳು ಅವಳವೇ, ಹೇಳಬೇಕಾದವು ಅವೇ, ಅವು ಏನೂ ಹೇಳಲಿಲ್ಲ. ಕಿಟಕಿ ತೆರೆದು ಕೂಗಿದಳು.

"ರುಮೆನಾ! ಡಬ್ಬದ ಮುಚ್ಚಳ ಹಾಕಿದ್ಯಾ ನೀನು?"

"ಯಾವ ಡಬ್ಬ?"

"ಹಿಟ್ಟಿಂದು! ಮೂಸಿ ನೋಡಿದೆಯಲ್ಲ, ಆಮೇಲೆ ಮುಚ್ಚಿದ್ಯಾ?"

"ಮುಚ್ಚಿದ್ದೆ ಅನ್ಸುತ್ತೆ." ಬೇಲಿಯಾಚೆ ಹೊಗೆಯಲ್ಲಿ ರುಮೆನಾಳ ತಲೆ ಕಂಡಿತು. "ಇಲ್ಲಾಂದ್ರೆ ಮುಚ್ಚಿಲ್ಲ. ಯಾಕೆ, ಇಲಿ ಬಿತ್ತಾ?"

"ಸರಿಯಾಗಿ ಜ್ಞಾಪಿಸ್ಕೋ!"

"ಅಯ್ಯೋ ತಾಯಿ, ನಂಗೆ ನನ್ನ ಗಂಡ ಸತ್ತ ವಾರ ಜ್ಞಾಪಕ ಇಲ್ಲ, ಮುಚ್ಚಳ ಕೇಳ್ತೀಯಲ್ಲ. ಏನಾಯ್ತೀಗ?"

"ಏನಿಲ್ಲ," ಅಂದು ಕಿಟಕಿ ಮುಚ್ಚಿದಳು.

ಹೊಸ ಸೌಟಿನಲ್ಲಿ ಸಾರು ತೆಗೆದು ಊದಿ ಕುಡಿದಳು. ಚೆನ್ನಾಗಿತ್ತು. ಈ ವಾರದಲ್ಲಿ ಎರಡು ಸಲ ಕಾಗದದ ಪ್ರಕಾರ ಮಾಡಿ ನೋಡಿದ್ದಳು, ಎರಡು ಸಲವೂ ತೆಳ್ಳಗೆ, ಅನಾಥವಾಗಿ ಇತ್ತು. ಇದು ಹಾಗಿಲ್ಲ, ನಾಲಿಗೆಗೆ ರೇಷ್ಮೆಯಂತೆ ಹತ್ತುತ್ತದೆ. ಆದರೆ ಆಗ ಕಿವುಚಿದ್ದು ಒಂದೇ ಸೌಟು, ಈಗ ಮೂರು. ಅದರಿಂದಲೂ ಇರಬಹುದು. ಸ್ವಲ್ಪ ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದಳು. ಕೆಂಪಗೆ, ಮಂದವಾಗಿ, ಅದು ಏನನ್ನೂ ಬಿಟ್ಟುಕೊಡಲಿಲ್ಲ. ಗಂಟೆ ಹನ್ನೊಂದೂ ಮುಕ್ಕಾಲು. ಬೇರೆ ಕಾಳು ನೆನೆಸಿಲ್ಲ. ಮನೆಯಲ್ಲಿ ಹೊಸದು ಅಂತ ಇದ್ದದ್ದು ಈ ಒಂದು ಪಾತ್ರೆ, ಒಂದು ಬಾಣಲೆ, ಒಂದು ಸೌಟು, ಒಂದು ತಟ್ಟೆ, ಒಂದು ಚಮಚ. ಒಲೆ ಆರಿಸಿ ಮುಚ್ಚಳ ಹಾಕಿ ನಿಂತಳು. ಪ್ರಾರ್ಥನೆ ಮಾಡೋಣ ಅಂದುಕೊಂಡಳು, ಶುರುವಿನ ಎರಡು ಶಬ್ದ ಬಂದೊಡನೆ ನಾಲಿಗೆ ನಿಂತಿತು. ಅವಳ ಕೈ ಹಿಡಿದು ಡಬ್ಬದ ಕಡೆ ಕರೆದುಕೊಂಡು ಹೋದದ್ದು, ಹೋಗಿದ್ದರೆ, ಅದೇ ಪ್ರಾರ್ಥನೆ. ದೇವರ ಮೇಲೆ ತಪ್ಪು ಹೊರಿಸುತ್ತಿದ್ದೀಯಾ ಅಂತ ತನ್ನನ್ನೇ ಕೇಳಿಕೊಂಡಳು. ಇಲ್ಲ, ಅಷ್ಟು ಶಕ್ತಿಯೂ ಇಲ್ಲ.

ಹೇಳಿದರೆ ಏನಾಗುತ್ತದೆ ಅಂತ ಗೊತ್ತಿತ್ತು. ಸೆಂಕಾ ಕೂಗುವುದಿಲ್ಲ. ಹೀಗೇ ಆಗುತ್ತದೆ ಅಂತ ಮೊದಲೇ ಗೊತ್ತಿದ್ದವರ ಹಾಗೆ ತಲೆ ಆಡಿಸಿ, ಚೀಲದಿಂದ ಡಬ್ಬಿ ತೆಗೆದು, ಕಾಗದ ಹಾಸಿಕೊಳ್ಳುತ್ತಾಳೆ. ಇನ್ನೊಂದು ಸಲ ಕೇಳುವುದಿಲ್ಲ. ಮಾಡ್ತೀಯಾ ಅಂತ ಜನ್ಮದಲ್ಲಿ ಕೇಳುವುದಿಲ್ಲ. ಹೇಳದಿದ್ದರೆ? ಹಿಟ್ಟು ಬೀಳದೆಯೂ ಇರಬಹುದು. ಬಿದ್ದಿದ್ದರೂ ಇಷ್ಟು ದೊಡ್ಡ ಪಾತ್ರೆಗೆ ಒಂದು ಚಮಚ. ಇವತ್ತು ಉಣ್ಣುತ್ತಾಳೆ, ನಗುತ್ತಾಳೆ, ಸಂಜೆಯ ಬಸ್ಸಿಗೆ ಹೋಗುತ್ತಾಳೆ. ನಾಳೆ ನಿಶ್‌ನಲ್ಲಿ ಹೊಟ್ಟೆ ನುಲಿದರೆ, ಅಂಗಡಿಯ ಪುಡಿಯಲ್ಲಿ ಏನೋ ಇತ್ತು ಅಂದುಕೊಳ್ಳುತ್ತಾಳೆ. ತಾನೇ ಫೋನಿನಲ್ಲಿ ಅದನ್ನು ಸೂಚಿಸಬಹುದು. ಸೂಚಿಸುವ ಮಾತುಗಳು ಕೂಡ ಒಂದರ ಹಿಂದೊಂದು ಸಾಲಾಗಿ ಬಂದು ನಿಂತವು, ಹತ್ತು ಹತ್ತು ಅಕ್ಷರ ಎಣಿಸಿದ ಹಾಗೆ. ಅವನ್ನು ಕೇಳಿಸಿಕೊಂಡು ಪೆರ್ಸಿದಾಳಿಗೆ ಹೆದರಿಕೆ ಆಗಬೇಕಿತ್ತು.

ಗೇಟು ಕಿರ್ರೆಂದಿತು. ಸೆಂಕಾ ಒಳಗೆ ಬರುವ ಹೊತ್ತಿಗೇ ರುಮೆನಾ ಹಿತ್ತಲಿಂದ ಬಂದು, ಡಬ್ಬಕ್ಕೆ ಬಟ್ಟೆ ಬಿಗಿದು ಕಂಕುಳಿಗೆ ಏರಿಸಿದ್ದಳು.

"ಬಾರೇ ಗುಬ್ಬಚ್ಚಿ! ನಿಮ್ಮಮ್ಮ ನಿನಗೋಸ್ಕರ ದೇವರ ರೊಟ್ಟಿನೇ ಬಿಟ್ಟುಬಿಟ್ಲು, ಗೊತ್ತಾ? ಹೊಟ್ಟೆ ತುಂಬ ಉಣ್ಣು. ಉಣ್ಣದೆ ಹೋದ್ಯೋ, ನಾನೇ ಬಂದು ಬಾಯಿಗೆ ತುರುಕ್ತೀನಿ."

"ನೀವು ತುರುಕೋದು ಬೇಡ ಅತ್ತೆ, ಅದಕ್ಕೆ ಅಮ್ಮ ಇದ್ದಾಳೆ," ಅಂದಳು ಸೆಂಕಾ. ರುಮೆನಾ ಹೋ ಎಂದು ನಕ್ಕು ಹೊರಟಳು. ಡಬ್ಬವೂ ಹೋಯಿತು. ಕಟ್ಟೆಯ ಮೇಲೆ ಅದು ಕೂತಿದ್ದ ಗುರುತೂ ಉಳಿಯಲಿಲ್ಲ. ಪೆರ್ಸಿದಾ ಒರೆಸಿಬಿಟ್ಟಿದ್ದಳು, ಯಾವಾಗ ಒರೆಸಿದೆ ಅಂತ ಅವಳಿಗೆ ಗೊತ್ತಿಲ್ಲ.

ಸೆಂಕಾ ಚೀಲವನ್ನು ಬಾಗಿಲ ಹಿಂದೆ ಇಟ್ಟಳು, ಅದರೊಳಗಿಂದ ಏನನ್ನೂ ತೆಗೆಯಲಿಲ್ಲ. ಒಗೆದ ಪರದೆ ನೋಡಿದಳು. ಕಪಾಟಿನ ಬಾಗಿಲು ತೆರೆದು ತನ್ನದೇ ಕಾಗದವನ್ನು ಓದಿ ನಾಚಿಕೊಂಡಳು. "ಅಯ್ಯೋ, ಎಷ್ಟು ದಪ್ಪಕ್ಷರ ಬರ್ದಿದೀನಿ. ಬೈಕೊಂಡ್ಯಾ?"

"ಇಲ್ಲ. ಕಣ್ಣಿಗೆ ಒಳ್ಳೇದಾಯ್ತು."

"ಮಣ್ಣಿನ ಮಡಕೆ ಎಲ್ಲಿ?"

"ಕೊಟ್ಟಿಗೇಲಿ. ಬೆಕ್ಕು ಮರಿ ಹಾಕಿದೆ ಅದರಲ್ಲಿ."

ಸೆಂಕಾ ನಕ್ಕಳು. ಬಾಯಿ ತೆರೆದು ನಕ್ಕಳು. ಅಪ್ಪನ ಕುರ್ಚಿ ಎಳೆದುಕೊಂಡು ಕೂತಳು. ಮೂವತ್ತಾರು ವರ್ಷದವಳ ಕಾಲು ಅವನ ಕುರ್ಚಿಯಲ್ಲಿ ಈಗಲೂ ನೆಲಕ್ಕೆ ಪೂರ್ತಿ ತಾಗುತ್ತಿರಲಿಲ್ಲ. "ಬಸ್ಸಲ್ಲಿ ಏನೂ ತಿನ್ನಲಿಲ್ಲಮ್ಮ, ಬೇಕಂತಲೇ. ವಾಸನೆ ನೋಡು! ಅಜ್ಜಿ ಸಾರಿನ ವಾಸನೆ. ಹಿಟ್ಟಿಲ್ಲದೆ ಹಿಂಗೆ ಬರುತ್ತಾ?"

ಪೆರ್ಸಿದಾ ಒಲೆಯ ಮುಂದೆ ನಿಂತಿದ್ದಳು, ಬೆನ್ನು ಮಗಳ ಕಡೆ. ಮೂರು ಸೌಟು ಕಿವುಚಿದೆ ಅನ್ನಬಹುದಿತ್ತು. ಅದು ಸುಳ್ಳಲ್ಲ.

"ಬಡಿಸಮ್ಮ."

"ಬಿಸಿ ಇದೆ."

"ಇರ್ಲಿ, ಊದ್ಕೊಂಡು ಉಣ್ತೀನಿ." ಸೆಂಕಾ ತಾನೇ ಎದ್ದಳು, ಹೊಸ ತಟ್ಟೆಯನ್ನೂ ಚಮಚವನ್ನೂ ತೆಗೆದುಕೊಂಡು ಬಂದು ಪಕ್ಕದಲ್ಲಿ ನಿಂತಳು. ಅವಳ ತಲೆ ಪೆರ್ಸಿದಾಳ ಭುಜಕ್ಕೆ ಬರುತ್ತಿತ್ತು, ನೆತ್ತಿಯ ಕೂದಲು ಎಷ್ಟು ತೆಳ್ಳಗೆ ಅಂತ ಮೇಲಿನಿಂದ ಕಾಣುತ್ತಿತ್ತು. ಪೆರ್ಸಿದಾ ಪಾತ್ರೆಯ ಮುಚ್ಚಳದ ಮೇಲೆ ಕೈ ಇಟ್ಟಳು.

"ಏನಮ್ಮ? ಸೀದಿದೆಯಾ? ಸೀದಿದ್ರೂ ಪರ್ವಾಗಿಲ್ಲ." ಸೆಂಕಾ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ಮುಂದಕ್ಕೆ ಚಾಚಿದಳು. ಮುಖದಲ್ಲಿ ಒಂದು ತುಂಟತನ ಬಂತು, ತೊಡೆ ಚಿವುಟುವುದಕ್ಕೆ ಮುಂಚಿನ ಯಾವುದೋ ಕಾಲದ್ದು, ಪೆರ್ಸಿದಾ ಮರೆತೇಬಿಟ್ಟಿದ್ದ ಒಂದು ಮುಖ. "ಬೇಕಾದ್ರೆ ತಾತನ ಪದ್ಯನೂ ಹೇಳು. ಇವತ್ತು ಕೇಳ್ತೀನಿ. ಒಂದು ಸಾಲಿಗೆ ಒಂದು ತುತ್ತು."

ಪದ್ಯ ಒಳಗೆ ಇತ್ತು. ಎಲ್ಲೂ ಹೋಗಿರಲಿಲ್ಲ. ಮೊದಲ ಸಾಲು ಗಂಟಲಿನವರೆಗೆ ಬಂತು, ಕುದುರೆ ಮೈದಾನಕ್ಕೆ ಇಳಿಯಿತು, ತಾತನ ದನಿಯಲ್ಲೇ ಇಳಿಯಿತು, ಮುಚ್ಚಳದ ಮೇಲೆ ಬೆರಳು ಬಿಗಿದವು. ಎತ್ತಿದರೆ ಮುಗಿಯಿತು. ನಾಲ್ಕು ವರ್ಷ ಮುಗಿಯಿತು, ಸಮಾಧಿಯ ಹತ್ತಿರದ ಗಾಳಿ ಮುಗಿಯಿತು. ಅಂಗೈಯ ಅಡಿಯಲ್ಲಿ ಮುಚ್ಚಳ ಸುಡುತ್ತಿದೆ ಅಂತ ಮೊದಲು ತಿಳಿದದ್ದು ಕಿರುಬೆರಳಿಗೆ, ಆಮೇಲೆ ಉಂಗುರದ ಬೆರಳಿಗೆ, ಆಮೇಲೆ, ತುಂಬ ದೂರದಿಂದ ಯಾರೋ ಹೇಳಿ ಕಳಿಸಿದ ಹಾಗೆ, ಉಳಿದ ಮೂರಕ್ಕೂ. ಅವಳು ಕೈ ತೆಗೆಯಲಿಲ್ಲ.

"ಅಮ್ಮ, ನಾನಾಗಿ ಕೇಳ್ತಾ ಇದ್ದೀನಿ," ಸೆಂಕಾಳ ದನಿ ಸಣ್ಣಗಾಗಿತ್ತು. "ಒಂದೇ ಒಂದು ಸೌಟು. ಹಾಕು."

"ಇಲ್ಲ," ಅಂದಳು ಪೆರ್ಸಿದಾ, ಮಗಳ ಮುಖ ನೋಡುತ್ತ. "ಈ ಪಾತ್ರೆಯಿಂದ ನಿಂಗೆ ಒಂದು ಹನಿನೂ ಹಾಕೋದಿಲ್ಲ."